ಅರಳೆಯ ಉಳಿಕೆ

ಹತ್ತಿಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅದನ್ನು ಬೇಲುಗಳಲ್ಲಿ ಎಣಿಸಿದ್ದಾರೆ. ಇಷ್ಟು ಬೇಲು ಹಡಗನ್ನೇರಿತು, ಇಷ್ಟು ಬೇಲು ಮುಂಬಯಿಯ ಗಿರಣಿಗಳಿಗೆ ಹೋಯಿತು, ಎಕರೆಗೆ ಇಷ್ಟು ಇಳುವರಿ ಬಂದಿತು ಎಂದು. ಸರಕಾರಕ್ಕೂ ವ್ಯಾಪಾರಕ್ಕೂ ಬೇಕಾದ ಲೆಕ್ಕ ಅದೇ ಸರಿ. ಆದರೆ ಹತ್ತಿ ಬೆಳೆಯುವ ಊರಿನ ಮನೆಗಳಲ್ಲಿ ಇನ್ನೊಂದು ಲೆಕ್ಕವಿದ್ದಿತು. ಗಾದಿಯನ್ನು ತುಂಬಿ, ಅದರ ಬಾಯಿ ಹೊಲಿದು, ಪಿಂಜಾರನು ತನ್ನ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹೋದ ಮೇಲೆ ಪಡಸಾಲೆಯ ಮೂಲೆಯಲ್ಲಿ ಒಂದು ಮೊರದಷ್ಟು ಅರಳೆ ಉಳಿದಿರುತ್ತಿತ್ತು. ಅದು ಎಲ್ಲಿಗೆ ಹೋಯಿತು, ಯಾರ ಪಾಲಾಯಿತು, ಯಾವುದಕ್ಕೆ ಒದಗಿತು ಎಂಬುದನ್ನು ಹಿಂಬಾಲಿಸಿದರೆ ಬೇಲುಗಳ ಲೆಕ್ಕ ಹೇಳದ ಕೆಲವು ಸಂಗತಿಗಳು ತಿಳಿದುಬರುತ್ತವೆ. ಈ ದಿನ ಕೇಳುಗರ ಮುಂದೆ ಇಡಬೇಕೆಂದಿರುವುದು ಇಷ್ಟು ಚಿಕ್ಕದೊಂದು ವಿಷಯವನ್ನು.

ನಾನು ರೋಣದ ಕಡೆಯವನು. ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಗದಗ ಜಿಲ್ಲೆಗೆ ಸೇರಿರುವ ಈ ತಾಲ್ಲೂಕು ಬಹುಮಟ್ಟಿಗೆ ಎರೆಯ ನಾಡು. ಮರ ಕಡಿಮೆ, ನೀರು ಕಡಿಮೆ. ಮಳೆಯಾದರೆ ಕಾಲಿಗಂಟಿ ಬಿಡದ ಮಣ್ಣು, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಜೋಳ, ಗೋದಿ, ಕಡಲೆ, ಕುಸುಬೆಗಳ ಜೊತೆಗೆ ಈ ಮಣ್ಣಿಗೆ ಒಗ್ಗಿದ ಬೆಳೆ ಹತ್ತಿ. ಜವಾರಿ ಹತ್ತಿಯನ್ನು ಶ್ರಾವಣ ಭಾದ್ರಪದಗಳಲ್ಲಿ ಬಿತ್ತಿದರೆ ಸಂಕ್ರಾಂತಿ ಕಳೆದ ಮೇಲೆ ಕಾಯಿ ಬಿರಿದು, ಶಿವರಾತ್ರಿಯ ಹೊತ್ತಿಗೆ ಬಿಡಿಸುವ ಕೆಲಸ ಭರದಲ್ಲಿರುತ್ತಿತ್ತು. ಹತ್ತಿ ಬಿಡಿಸುವವರು ಹೆಂಗಸರು. ಅವರ ಕೂಲಿ ಬಹುಕಾಲ ಹಣವಾಗಿರಲಿಲ್ಲ. ಬಿಡಿಸಿದ ಹತ್ತಿಯಲ್ಲಿಯೇ ಒಂದು ಪಾಲಾಗಿದ್ದಿತು. ಹೊಲದೊಡೆಯನ ಕೊನೆಯ ಬಿಡುವು ಮುಗಿದ ಮೇಲೆ ಗಿಡದ ತುದಿಯಲ್ಲಿ, ನೆಲದ ಬಿರುಕಿನಲ್ಲಿ ಉಳಿದ ಎಳೆಗಳನ್ನು ಆಯ್ದುಕೊಳ್ಳಲು ಊರಿನ ಬಡ ಹೆಂಗಸರು ಹೋಗುತ್ತಿದ್ದರು. ಇದಕ್ಕೆ ನಮ್ಮ ಭಾಷೆಯಲ್ಲಿ ಹಕ್ಕಲು ಎನ್ನುತ್ತಾರೆ. ಜೋಳದ ತೆನೆಗೂ ಹಕ್ಕಲುಂಟು, ಶೇಂಗಾಕ್ಕೂ ಹಕ್ಕಲುಂಟು, ಹತ್ತಿಗೂ ಉಂಟು. ಆ ಪದವನ್ನು ಕೇಳಿದೊಡನೆ ‘ಹಕ್ಕು’ ಎಂಬ ಪದ ನೆನಪಾಗುವುದು ಸಹಜ. ಅದು ಅರಬ್ಬಿಯಿಂದ ಬಂದ ಬೇರೆಯ ಪದ. ಎರಡಕ್ಕೂ ನೆಂಟಸ್ತಿಕೆ ಕಟ್ಟುವುದು ಬೇಡ. ಆದರೂ ಹಕ್ಕಲು ಆಯುವವಳನ್ನು ಹೊಲದಿಂದ ಅಟ್ಟಿದ ಒಕ್ಕಲಿಗನನ್ನು ಊರು ಜಿಪುಣನೆಂದು ಕರೆಯುತ್ತಿತ್ತು ಎಂಬುದಂತೂ ನಾನು ಕಂಡ ಮಾತು. ಉಳಿದದ್ದು ಇಲ್ಲದವರಿಗೆ ಸೇರತಕ್ಕದ್ದೆಂಬ ಕಟ್ಟಳೆ ಯಾವ ಕಾಗದದ ಮೇಲೂ ಬರೆದದ್ದಲ್ಲ. ಬಾಯಿಯಿಂದ ಬಾಯಿಗೆ ನಡೆದುಬಂದದ್ದು.

ಬಿಡಿಸಿದ ಹತ್ತಿಯಿಂದ ಕಾಳನ್ನು ಬೇರ್ಪಡಿಸಿದರೆ ಅದು ಅರಳೆ. ಈ ಕೆಲಸ ಯಂತ್ರಗಳಿಗೆ ಹೋಗುವ ಮುನ್ನ ಧಾರವಾಡ ಸೀಮೆಯಲ್ಲಿ ವಿಶಿಷ್ಟವಾದೊಂದು ಸಾಧನ ಬಳಕೆಯಲ್ಲಿದ್ದಿತು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನು ಹರಡಿ, ಅದರ ಮೇಲೆ ಕಬ್ಬಿಣದ ಸಲಾಕೆಯನ್ನಿಟ್ಟು, ಹೆಂಗಸು ಸಣ್ಣ ಮಣೆಯ ಮೇಲೆ ಕುಳಿತು, ಪಾದಗಳಿಗೆ ಮರದ ಅಟ್ಟೆಗಳನ್ನು ಕಟ್ಟಿಕೊಂಡು, ಆ ಸಲಾಕೆಯನ್ನು ಕಾಲಿನಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುವುದು. ಅರಳೆ ಒಂದು ಕಡೆಗೆ ಬರುತ್ತಿತ್ತು, ಕಾಳು ಇನ್ನೊಂದು ಕಡೆಗೆ ಜಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವರದಿಗಳು ಈ ಕಾಲುರುಳೆಯನ್ನು ಬೆರಗಿನಿಂದಲೂ ಅಸಹನೆಯಿಂದಲೂ ವರ್ಣಿಸಿವೆ. ಬೆರಗು ಏಕೆಂದರೆ ಎಳೆ ಮುರಿಯುತ್ತಿರಲಿಲ್ಲ. ಅಸಹನೆ ಏಕೆಂದರೆ ದಿನವೆಲ್ಲ ಕುಳಿತರೂ ಕೆಲಸ ಸ್ವಲ್ಪವೇ ಸಾಗುತ್ತಿತ್ತು. ಬೇರ್ಪಟ್ಟ ಕಾಳು ದನಕ್ಕೆ, ಹೊಲದಲ್ಲಿ ನಿಂತ ಕಟ್ಟಿಗೆ ಒಲೆಗೆ. ಇಲ್ಲಿಯವರೆಗೆ ಬಿಸಾಡಿದ್ದು ಏನೂ ಇಲ್ಲವೆಂಬುದನ್ನು ಕೇಳುಗರು ಗಮನಿಸಬೇಕು.

ಅನಂತರ ಬರುವವನು ಪಿಂಜಾರ. ಹಿಂಜು ಎಂಬ ಇಂದಿನ ಕ್ರಿಯಾಪದದ ಹಳೆಯ ರೂಪ ಪಿಂಜು. ಪಕಾರ ಹಕಾರವಾದದ್ದು ಕನ್ನಡದ ಚರಿತ್ರೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ನಾವೆಲ್ಲ ‘ಹಿಂಜು’ವವರಾದ ಮೇಲೆಯೂ ಆ ಕಸುಬಿನವನು ಮಾತ್ರ ತನ್ನ ಹೆಸರಿನಲ್ಲಿ ಹಳೆಯ ಪಕಾರವನ್ನು ಕಾಪಾಡಿಕೊಂಡು ಬಂದನು. ಅವನ ಇನ್ನೊಂದು ಹೆಸರು ನದಾಫ. ಅದು ಅರಬ್ಬಿಯ ನದ್ದಾಫ್, ಅರ್ಥ ಅದೇ, ಹತ್ತಿ ಹಿಂಜುವವನು. ಒಂದೇ ಕಸುಬಿಗೆ ಎರಡು ಭಾಷೆಯ ಎರಡು ಹೆಸರು, ಎರಡೂ ಒಂದೇ ಮನೆಯ ಬಾಗಿಲಿನಲ್ಲಿ. ನಮ್ಮ ಕಡೆಯ ಪಿಂಜಾರರು ಇಸ್ಲಾಂ ಧರ್ಮದವರು. ಅವರ ಮನೆಮಾತಿನಲ್ಲಿಯೂ ನಡೆನುಡಿಯಲ್ಲಿಯೂ ಕನ್ನಡ ಹಾಸುಹೊಕ್ಕಾಗಿದೆ. ಉತ್ತರ ಹಿಂದುಸ್ಥಾನದ ಸಂತ ದಾದು ದಯಾಳನು ಇದೇ ಹಿಂಜುವ ಕಸುಬಿನವನೆಂಬ ಪ್ರತೀತಿಯುಂಟು.

ಹಿಂಜುವ ಬಿಲ್ಲಿನ ಚರಿತ್ರೆ ಸ್ವಾರಸ್ಯವಾಗಿದೆ. ಮಾಳವದ ಮಾಂಡುವಿನಲ್ಲಿ ಹದಿನೈದನೆಯ ಶತಮಾನದಲ್ಲಿ ರಚಿತವಾದ ಮಿಫ್ತಾಹುಲ್ ಫುಜಲಾ ಎಂಬ ಪಾರಸಿ ನಿಘಂಟಿನ ಸಚಿತ್ರ ಪ್ರತಿಯಲ್ಲಿ ಹಿಂಜುವವನ ಚಿತ್ರವಿದೆ. ನೂಲುವ ರಾಟೆಯ ಬಗೆಗೆ ಇತಿಹಾಸಕಾರ ಇರ್ಫಾನ್ ಹಬೀಬರು ಎತ್ತಿ ತೋರಿಸಿದ ಆಧಾರ ನಮ್ಮ ನಾಡಿಗೇ ಸಂಬಂಧಿಸಿದ್ದು: ಬಹಮನಿ ಅರಸನ ಆಶ್ರಯದಲ್ಲಿದ್ದ ಇಸಾಮಿ ಎಂಬ ಕವಿ 1350ರಲ್ಲಿ ಮುಗಿಸಿದ ಫುತೂಹುಸ್ಸಲಾತೀನ್ ಕಾವ್ಯದಲ್ಲಿ ಚರಖಾದ ಮಾತು ಬರುತ್ತದೆ. ಕನ್ನಡ ಓದಿದವರಿಗೆ ಇಲ್ಲಿ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಶರಣೆ ಕದಿರೆ ರೆಮ್ಮವ್ವೆಯ ಕಾಯಕ ನೂಲುವುದು. ಅವಳು ತನ್ನ ವಚನವೊಂದರಲ್ಲಿ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗಕ್ಕೂ ಒಂದೊಂದು ದೇವತೆಯನ್ನು ಹೇಳುತ್ತಾಳೆ. ಅವಳ ಕಾಲ ಹನ್ನೆರಡನೆಯ ಶತಮಾನ. ವಚನಗಳು ನಮ್ಮ ಕೈಗೆ ಬಂದಿರುವುದು ಅನಂತರದ ಕಟ್ಟುಗಳ ಮೂಲಕ ಎಂಬ ಎಚ್ಚರಿಕೆ ಇರಲೇಬೇಕು. ಆದರೆ ಪಾರಸಿ ಕಾವ್ಯದ ಒಂದು ಸಾಲಿಗೆ ಕೊಡುವ ಮನ್ನಣೆಯನ್ನು ಕನ್ನಡದ ನೂಲುವವಳ ಮಾತಿಗೂ ಕೊಟ್ಟು ನೋಡಬೇಕು. ವಿಜಯಾ ರಾಮಸ್ವಾಮಿಯವರಂತಹ ವಿದ್ವಾಂಸರು ಅದನ್ನು ಮಾಡಿಯೂ ಇದ್ದಾರೆ.

ಗಾದಿಯ ಮಾತಿಗೆ ಬರೋಣ. ಅರಳೆ ತುಂಬಿದ ಗಾದಿ ಎಲ್ಲರ ಮನೆಯ ವಸ್ತುವಾಗಿರಲಿಲ್ಲ. ದೇಸಾಯರ ವಾಡೆಯಲ್ಲಿ, ಗೌಡರ ಪಡಸಾಲೆಯಲ್ಲಿ, ಗದಗಿನ ಅಡತಿ ಅಂಗಡಿಗಳಲ್ಲಿ ಗಾದಿಯೂ ಲೋಡೂ ಇದ್ದವು. ಸ್ಥಿತಿವಂತ ಒಕ್ಕಲಿಗರ ಮನೆಯಲ್ಲಿ ಮದುವೆಯ ಕಾಲಕ್ಕೆ ಒಂದು ಗಾದಿ ಹೊಸದಾಗಿ ಆಗುತ್ತಿತ್ತು. ಆಗ ಪಿಂಜಾರನಿಗೆ ಹೇಳಿಕಳಿಸುವರು. ಅವನು ಆಳೆತ್ತರದ ಬಿಲ್ಲನ್ನು ಸೂರಿಗೆ ತೂಗುಹಾಕಿ, ನರದ ಹೆದೆಯನ್ನು ಬಿಗಿದು, ಎರಡೂ ತುದಿ ದಪ್ಪನಾದ ಮರದ ಕೊಡತಿಯಿಂದ ಮೀಟಲು ತೊಡಗಿದರೆ ಆ ನಾದ ಓಣಿಯ ತುದಿಯವರೆಗೂ ಕೇಳುತ್ತಿತ್ತು. ಗಂಟುಗಟ್ಟಿದ ಅರಳೆ ಹೆದೆಯ ಕಂಪನಕ್ಕೆ ಬಿಚ್ಚಿ ಬಿಚ್ಚಿ ಮೇಲೇಳುವುದು, ಕಸವೂ ಕಾಳಿನ ಚೂರೂ ಭಾರದಿಂದ ಕೆಳಗೆ ಬೀಳುವುದು. ಪಿಂಜಾರನ ಹುಬ್ಬು ಮೀಸೆಗಳು ಸಂಜೆಯ ಹೊತ್ತಿಗೆ ಮುದುಕನವಾಗಿರುತ್ತಿದ್ದವು. ಮಕ್ಕಳಾದ ನಮಗೆ ಅದು ನಗೆಯ ವಿಷಯ. ಆ ಧೂಳು ಎದೆಯೊಳಗೆ ಇಳಿದು ದಮ್ಮಾಗುವುದನ್ನು ತಿಳಿದದ್ದು ದೊಡ್ಡವರಾದ ಮೇಲೆ. ಇಟಲಿಯ ವೈದ್ಯ ರಮಾಜಿನಿ ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ನಾರು ಹಿಂಜುವವರ ಕೆಮ್ಮಿನ ವಿಚಾರವನ್ನು ಬರೆದಿದ್ದನು. ಪಿಂಜಾರನು ಬಾಯಿಗೆ ಕಟ್ಟಿಕೊಳ್ಳುತ್ತಿದ್ದ ರುಮಾಲಿನ ಚುಂಗು ಆ ಜ್ಞಾನದ ನಮ್ಮ ಕಡೆಯ ರೂಪ.

ಧೂಳಿಗೆ ಇನ್ನೊಂದು ಪರಿಣಾಮವೂ ಇದ್ದಿತು. ಮನೆಯವರು ಅರಳೆಯನ್ನು ತೂಗಿ ಕೊಡುತ್ತಿದ್ದರು, ತುಂಬಿದ ಗಾದಿಯನ್ನು ತೂಗಿ ತೆಗೆದುಕೊಳ್ಳುತ್ತಿದ್ದರು. ಹಿಂಜಿದಾಗ ಕಸ ಉದುರಿ ತೂಕ ಕಡಿಮೆಯಾಗುವುದು ನ್ಯಾಯವೇ. ಆದರೂ ಕಡಿಮೆಯಾದ ಪ್ರತಿಯೊಂದು ತೊಲೆಗೂ ಹಿಂಜಿದವನು ಉತ್ತರ ಕೊಡಬೇಕಾಗುತ್ತಿತ್ತು. ಅದಕ್ಕಾಗಿ ಅನುಭವಸ್ಥ ಪಿಂಜಾರನು ಕೆಳಗೆ ಬಿದ್ದ ಕಸವನ್ನು ಗುಡಿಸಿ ಚೆಲ್ಲುತ್ತಿರಲಿಲ್ಲ. ಒಂದು ಅರಿವೆಯಲ್ಲಿ ಗಂಟು ಕಟ್ಟಿ ಮನೆಯ ಹಿರಿಯಳ ಮುಂದೆ ಇಡುತ್ತಿದ್ದನು. ಗಾದಿ, ಉಳಿದ ಅರಳೆ, ಕಸದ ಗಂಟು, ಮೂರೂ ಕೂಡಿ ತೂಕ ಸರಿಹೋಗಬೇಕು. ನಮ್ಮ ಓಣಿಯಲ್ಲಿ ಹಿರಿಯಳಾದವಳು ಆ ಕಸದ ಗಂಟಿನೊಡನೆ ಒಂದಿಷ್ಟು ಒಳ್ಳೆಯ ಅರಳೆಯನ್ನೂ ಕೂಡಿಸಿ ಅವನಿಗೇ ಹಿಂದಿರುಗಿಸುತ್ತಿದ್ದಳು. ಅವನ ಮನೆಯಲ್ಲಿ ಅದು ಮತ್ತೆ ಹಿಂಜಿಸಿಕೊಂಡು ಕೂಸಿನ ಹಾಸಿಗೆಯಾಗುತ್ತಿತ್ತು. ತೂಗಿ ಕೇಳಿದ ಕೈಯೇ ತೂಗದೆ ಕೊಡುತ್ತಿತ್ತು. ಈ ಎರಡನ್ನೂ ಕೂಡಿಯೇ ನೋಡಬೇಕಲ್ಲದೆ ಒಂದನ್ನು ಮಾತ್ರ ಹಿಡಿದು ಹಿಂದಿನ ಕಾಲ ಕ್ರೂರವೆಂದಾಗಲಿ ಚಿನ್ನದಂಥದ್ದೆಂದಾಗಲಿ ಹೇಳಬಾರದು.

ಮನೆಯಲ್ಲಿ ಉಳಿದ ಅರಳೆಗೆ ಒಂದು ಮರ್ಯಾದೆಯ ಕ್ರಮವಿದ್ದಿತು. ಹೊಸ ಅರಳೆಯ ಮೊದಲ ಪಾಲು ದೇವರಿಗೆ. ಅಜ್ಜಿಯಂದಿರು ಅದರ ಎಳೆಗಳನ್ನು ಅಂಗೈಯಲ್ಲಿ ಹೊಸೆದು ಬತ್ತಿ ಮಾಡುವರು. ಕೆಳಗೆ ಅಗಲ, ಮೇಲೆ ಮೊನೆ ಇರುವ ಹೂಬತ್ತಿ ಬೇರೆ, ಉದ್ದನೆಯ ನೀಲಾಂಜನದ ಬತ್ತಿ ಬೇರೆ. ಕಾರ್ತೀಕದಲ್ಲಿ ಲಕ್ಷಬತ್ತಿಯ ಹರಕೆ ಹೊತ್ತವಳು ವರ್ಷವಿಡೀ ಹೊಸೆಯುತ್ತಿದ್ದಳು. ಎಳೆಯನ್ನು ಗಂಟುಗಂಟಾಗಿ ಎಳೆದು, ಕುಂಕುಮ ಹಚ್ಚಿದರೆ ಗೆಜ್ಜೆವಸ್ತ್ರ. ಹಳೆಯ ಗಾದಿಯಿಂದ ತೆಗೆದ ಅರಳೆ ಇದಕ್ಕೆ ಸಲ್ಲದು. ಮೈಗೆ ತಾಗಿದ್ದು ಮೈಲಿಗೆ. ಹಳೆಯ ಅರಳೆ ಬಿಸಿಲಲ್ಲಿ ಒಣಗಿ, ಮತ್ತೆ ಹಿಂಜಿಸಿಕೊಂಡು, ಹೊಸ ಅರಳೆಯೊಡನೆ ಬೆರೆತು ಗಾದಿಗೇ ಹಿಂದಿರುಗುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಎಳೆ ಪುಡಿಯಾಗಿ ಗಾದಿಗೆ ಬಾರದಾದಾಗ ತಲೆದಿಂಬು. ದಿಂಬಿಗೂ ಬಾರದಾದಾಗ ಎತ್ತಿನ ಜೂಲಿನ ಒಳಗೆ, ನೊಗ ತಾಗುವ ಹೆಗಲಿನ ಪಟ್ಟಿಯ ಒಳಗೆ, ಹುಡುಗಿಯರ ಅರಿವೆ ಗೊಂಬೆಯ ಹೊಟ್ಟೆಯೊಳಗೆ. ಒಂದು ಹಿಡಿ ಅರಳೆ ಕುರಿ ಕಾಯುವವರ ಚಕಮಕಿ ಚೀಲಕ್ಕೆ ಹೋಗುತ್ತಿತ್ತು. ಕಲ್ಲಿಗೆ ಉಕ್ಕು ಹೊಡೆದಾಗ ಹಾರುವ ಕಿಡಿಯನ್ನು ಹಿಡಿಯುವುದು ಅದೇ. ಗಾಯವಾದರೆ ಅರಳೆ ಸುಟ್ಟ ಬೂದಿ, ಕಿವಿ ನೋವಿಗೆ ಎಣ್ಣೆಯಲ್ಲಿ ಅದ್ದಿದ ಅರಳೆ, ಹಬ್ಬದ ದಿನ ಅತ್ತರು ಸೋಕಿಸಿದ ಅರಳೆ ಅದೇ ಕಿವಿಯ ಮಡಿಕೆಯಲ್ಲಿ. ಕೂಸಿನ ತಲೆದಿಂಬಿಗೆ ಮಾತ್ರ ಅರಳೆ ಹಾಕುತ್ತಿರಲಿಲ್ಲ. ತಲೆ ದುಂಡಾಗಲೆಂದು ಸಾಸಿವೆ ತುಂಬುತ್ತಿದ್ದರು. ಕೊನೆಗೆ ಜೀವ ಹೋದವನ ಮೂಗಿಗೆ ಇಡುವುದೂ ಅರಳೆಯೇ. ಅದಕ್ಕಾಗಿ ಯಾರೂ ಪೇಟೆಗೆ ಓಡುತ್ತಿರಲಿಲ್ಲ. ಮಾಡದಲ್ಲಿ ಎಲ್ಲಿಯೋ ಒಂದು ಗಂಟು ಇದ್ದೇ ಇರುತ್ತಿತ್ತು.

ಇನ್ನು ಈ ಮನೆಯ ಲೆಕ್ಕವೂ ಬೇಲುಗಳ ಲೆಕ್ಕವೂ ಡಿಕ್ಕಿ ಹೊಡೆದ ಕಾಲದ ಮಾತು. ಲಂಕಾಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿದ್ದಿತು. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ಪ್ರಾಂತಗಳಿಂದ ಹತ್ತಿಯ ತೋಟಗಾರರನ್ನು ಸಂಬಳ ಕೊಟ್ಟು ಕರೆಸಿತು. ಅವರಲ್ಲಿ ಮರ್ಸರ್ ಎಂಬವನು ಧಾರವಾಡ ಸೀಮೆಗೆ ಬಂದನು. ಕಲೆಕ್ಟರನಾಗಿದ್ದ ಶಾ ಎಂಬವನ ಹಟದಿಂದ ನ್ಯೂ ಆರ್ಲಿಯನ್ಸಿನ ಬೀಜ ನಮ್ಮ ಎರೆಯಲ್ಲಿ ಬೇರೂರಿತು. ಹಿಂದುಸ್ಥಾನದ ಬೇರೆ ಕಡೆಗಳಲ್ಲಿ ಬಹುಮಟ್ಟಿಗೆ ಸೋತ ಈ ಪ್ರಯೋಗ ಗೆದ್ದದ್ದು ಧಾರವಾಡದಲ್ಲಿ. ‘ಧಾರವಾಡ ಅಮೆರಿಕನ್’ ಎಂದೇ ಆ ಹತ್ತಿಗೆ ಪೇಟೆಯಲ್ಲಿ ಹೆಸರಾಯಿತು. ಅದರ ಕಾಳಿಗೆ ಎಳೆ ಗಟ್ಟಿಯಾಗಿ ಅಂಟಿರುವುದರಿಂದ ಕಾಲುರುಳೆ ಸಾಲದಾಯಿತು. ಗರಗಸದ ಹಲ್ಲುಗಳ ಜಿನ್ನುಗಳು ಬಂದವು, ಅವುಗಳ ರಿಪೇರಿಗೆ ಧಾರವಾಡದಲ್ಲಿ ಸರಕಾರಿ ಕಾರಖಾನೆ ಬಂದಿತು. ಜವಾರಿ ಹತ್ತಿ ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರಿ ಅಲ್ಲಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಅದಕ್ಕೆ ಪೇಟೆಯವರು ‘ಕುಂಪ್ಟಾ’ ಎಂದು ಹೆಸರಿಟ್ಟರು. ಬೆಳೆದ ಊರಿನ ಹೆಸರು ಹೋಗಿ, ಸಾಗಿಸಿದ ಬಂದರದ ಹೆಸರು ನಿಂತಿತು!

1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ನಿಂತುಹೋದಾಗ ಇಲ್ಲಿಯ ಧಾರಣೆ ಆಕಾಶಕ್ಕೇರಿತು. ಹಣದ ಆಸೆ ಎಲ್ಲರಿಗೂ ತಗುಲಿತು. ಒಳ್ಳೆಯ ಹತ್ತಿಯಲ್ಲಿ ಕೆಟ್ಟ ಹತ್ತಿ, ಕಾಳು, ಮಣ್ಣು, ಹಿಂದಿನ ವರ್ಷದ ಉಳಿಕೆ, ಎಲ್ಲವೂ ಬೆರೆತು ಅಂಡಿಗೆಗಳಲ್ಲಿ ತುಂಬಿಕೊಂಡು ಹೊರಟವು. ಇದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ವಂಚನೆಯನ್ನು ತಡೆಯುವ ಕಾಯಿದೆಯನ್ನು ಮಾಡಿ ತನಿಖೆಗಾರರನ್ನು ನೇಮಿಸಿತು. ಬೆರಕೆ ಮೋಸವೇ, ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಒಂದು ವಿಚಾರ ಉಳಿಯುತ್ತದೆ. ಮನೆಯೊಳಗೆ ಹಳೆಯ ಅರಳೆಯನ್ನು ಹೊಸದರೊಡನೆ ಬೆರೆಸುವುದು ಗೃಹಿಣಿಯ ಜಾಣತನ. ಅದೇ ಕೆಲಸ ಪೇಟೆಗೆ ಬಂದಾಗ ಅಪರಾಧವಾಯಿತು. ಮನೆಯಲ್ಲಿ ಬೆರೆಸುವವಳೂ ಅದರ ಮೇಲೆ ಮಲಗುವವಳೂ ಒಬ್ಬಳೇ. ಏನು ಬೆರೆತಿದೆಯೆಂಬುದು ಅವಳಿಗೆ ಗೊತ್ತು. ಪೇಟೆಯಲ್ಲಿ ಬೆರೆಸಿದವನು ರೋಣದಲ್ಲಿ, ನೂಲುವವನು ಮ್ಯಾಂಚೆಸ್ಟರಿನಲ್ಲಿ. ಸರಕು ದೂರ ಹೋದಷ್ಟೂ ಉಳಿಕೆಗೆ ಮರ್ಯಾದೆ ಕಡಿಮೆಯಾಗುತ್ತ ಬಂದಿತು. 1865ರಲ್ಲಿ ಯುದ್ಧ ನಿಂತಿತು, ಧಾರಣೆ ಕುಸಿಯಿತು. ಅದಾದ ಹನ್ನೊಂದು ವರ್ಷಕ್ಕೆ, 1876ರಲ್ಲಿ, ಧಾತು ಸಂವತ್ಸರದ ದೊಡ್ಡ ಬರ ಬಂದು ಜಿಲ್ಲೆಯ ಪೂರ್ವದ ಎರೆ ತಾಲ್ಲೂಕುಗಳನ್ನು ಹಿಂಡಿತು. ವಾಲ್ಟನ್ ಎಂಬ ಅಧಿಕಾರಿ 1880ರಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳ ಹತ್ತಿಯ ಚರಿತ್ರೆಯನ್ನೇ ಒಂದು ಪುಸ್ತಕವಾಗಿ ಬರೆದನು. ಬೀಜ, ಜಿನ್ನು, ಕಾಯಿದೆ, ಬಂದರ, ಇವೇ ಅಂಥ ಬರವಣಿಗೆಯ ತಿರುಳು.

ಹತ್ತಿ ಬೆಳೆದವರು ರಾತ್ರಿ ಏನನ್ನು ಹೊದ್ದು ಮಲಗಿದರು? ಈ ಪ್ರಶ್ನೆಗೆ ಉತ್ತರ ಕೌದಿ. ಹಳೆಯ ಇಳಕಲ್ ಸೀರೆ, ಹರಿದ ಧೋತರ, ಸವೆದ ಕುಪ್ಪಸ, ದರ್ಜಿಯ ಅಂಗಡಿಯ ಚೂರು, ಗಜೇಂದ್ರಗಡದ ಮಗ್ಗಗಳ ಬಳಿ ಸಿಕ್ಕ ಅರಿವೆಯ ತುಂಡು, ಇವನ್ನು ಪದರ ಪದರವಾಗಿ ಹಾಸಿ, ಮೇಲೆ ಕೆಳಗೆ ದೊಡ್ಡ ಸೀರೆಯ ಹೊದಿಕೆ ಕೊಟ್ಟು, ದಪ್ಪ ದಾರದಿಂದ ಒತ್ತೊತ್ತಾಗಿ ಹೊಲಿದದ್ದು. ಕವದಿ, ಕವುದಿ, ಕೌದಿ ಎಂದು ಹೆಸರು ಹಲವು ಬಗೆ. ಸಂಸ್ಕೃತದವರ ಕಂಥೆ, ಮರಾಠಿಯವರ ಗೋಧಡಿ, ಎಲ್ಲವೂ ಒಂದೇ ಕುಟುಂಬ. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೊರನಾಡಿನವರ ರಜಾಯಿಯ ಒಳಗೆ ಅರಳೆ ಇರುತ್ತದೆ. ನಮ್ಮ ಕೌದಿಯ ಒಳಗೆ ಅರಳೆ ಇಲ್ಲ. ಅರಿವೆಯೊಳಗೆ ಅರಿವೆ, ಅದರೊಳಗೆ ಮತ್ತೂ ಹಳೆಯ ಅರಿವೆ. ಜಗತ್ತಿಗೆ ಹತ್ತಿ ಕೊಟ್ಟ ಎರೆನಾಡಿನ ಒಕ್ಕಲು ತನ್ನ ಹೊದಿಕೆಗೆ ಹತ್ತಿಯನ್ನು ಹಾಕಲಿಲ್ಲ. ಚಳಿ ಕಡಿಮೆಯೆಂದು ಕೆಲವರು ಕಾರಣ ಹೇಳಬಹುದು. ಮಾಗಿಯ ರಾತ್ರಿ ಹತ್ತಿಯ ಹೊಲ ಕಾಯಲು ಮಲಗಿದವರು ಆ ಮಾತನ್ನು ಒಪ್ಪಲಾರರು. ಅರಳೆ ರೊಕ್ಕವಾಗಿದ್ದಿತು ಎಂಬುದೇ ನನ್ನ ಮಟ್ಟಿಗೆ ನಿಜವಾದ ಕಾರಣ. ಕಂದಾಯಕ್ಕೂ ಸಾಲದ ಬಡ್ಡಿಗೂ ಮದುವೆಗೂ ಹೋಗಬೇಕಾದದ್ದನ್ನು ಹೊಲಿದು ಮುಚ್ಚಿಡುವುದುಂಟೆ? ಚಿಂದಿಗೆ ಪೇಟೆಯಲ್ಲಿ ಧಾರಣೆಯಿಲ್ಲ. ಅದು ಮನೆಯಲ್ಲಿಯೇ ಉಳಿಯಿತು. ಗೌಡರ ಮನೆಯ ಉಳಿದ ಅರಳೆ ಒಂದು ಹಿಡಿ ಕೈಗೆ ಬಂದರೆ ಕೌದಿ ಹೊಲಿಯುವವಳು ಅದನ್ನು ಬಾಣಂತಿಯ ಕೌದಿಯ ನಡುಭಾಗದಲ್ಲಿ, ಬೆನ್ನು ಬರುವ ಜಾಗಕ್ಕೆ ಇಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಹೊರಗಿನಿಂದ ಅದು ಕಾಣುತ್ತಿರಲಿಲ್ಲ.

ಕೌದಿಯ ಕಲೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿ ಬೇರೊಂದು ರೂಪ ತಾಳಿದೆ. ಆಫ್ರಿಕದಿಂದ ಶತಮಾನಗಳ ಹಿಂದೆ ಬಂದವರ ಸಂತತಿಯಾದ ಸಿದ್ಧಿ ಹೆಂಗಸರು ಅದನ್ನು ಕವಂದಿ ಎನ್ನುತ್ತಾರೆ. ಅಂಚಿನಿಂದ ಹೊಲಿಯಲು ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವರು. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಅರಿವೆಯ ಹೂವನ್ನು ಇಡುವರು. ಹೂವಿಲ್ಲದ ಕವಂದಿ ಬತ್ತಲೆಯೆಂದು ಅವರ ಭಾವನೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಇದನ್ನು ಅಭ್ಯಾಸ ಮಾಡಿ ಹೊರ ಜಗತ್ತಿಗೆ ತೋರಿಸಿದರು.

ಅಮೆರಿಕದ ಮಾತು ಬಂದುದರಿಂದ ಅಲ್ಲಿಯದೇ ಇನ್ನೊಂದು ಊರನ್ನು ನೆನೆಯಬೇಕು. ಅಲಬಾಮಾ ಪ್ರಾಂತದಲ್ಲಿ ನದಿಯ ತಿರುವಿನೊಳಗೆ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ತೋಟದಲ್ಲಿ ಗುಲಾಮರಾಗಿ ದುಡಿದವರ ಮೊಮ್ಮಕ್ಕಳು ಮರಿಮಕ್ಕಳು ಅಲ್ಲಿ ಪಾಲಿಗೆ ಹೊಲ ಮಾಡುತ್ತಿದ್ದರು. ಅಲ್ಲಿಯ ಹೆಂಗಸರು ಸವೆದ ಷರಾಯಿ, ಅಂಗಿ, ಹಿಟ್ಟಿನ ಚೀಲಗಳನ್ನು ಕೂಡಿಸಿ ಕೌದಿ ಹೊಲಿದರು. ಒಳಗೆ ತುಂಬಲು ಜಿನ್ನಿನ ನೆಲದ ಮೇಲೆ ಬಿದ್ದ ಹತ್ತಿಯನ್ನು ಗುಡಿಸಿ ತಂದು, ಕೋಲಿನಿಂದ ಬಡಿದು ಬಿಡಿಸಿ ಬಳಸಿದರು. ಅವರ ಕೈಯಲ್ಲಿ ಬಿಲ್ಲಿರಲಿಲ್ಲ, ಕೋಲಿದ್ದಿತು, ಅಷ್ಟೇ ವ್ಯತ್ಯಾಸ. 2002ರಲ್ಲಿ ಆ ಕೌದಿಗಳನ್ನು ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿಯೂ, ಅನಂತರ ನ್ಯೂಯಾರ್ಕಿನಲ್ಲಿಯೂ ಗೋಡೆಗೆ ತೂಗುಹಾಕಿದಾಗ ಕಲಾವಿಮರ್ಶಕರು ಬೆರಗಾದರು. ನಮ್ಮ ಸೀಮೆಗೆ ಬೀಜ ಬಂದದ್ದು ಆ ದಕ್ಷಿಣ ಪ್ರಾಂತಗಳಿಂದಲೇ. ಅಲ್ಲಿ ಗುಲಾಮರು ಬಿಡಿಸಿದ ಹತ್ತಿಗೆ ಪೈಪೋಟಿಯಾಗಿ ಇಲ್ಲಿ ಬೆಳೆಸಬೇಕೆಂದು ಅದನ್ನು ತಂದರು. ಗಿಡ ಎರಡು ಕಡೆಯೂ ಒಂದೇ ಜಾತಿಯದು, ಹೊತ್ತೊಯ್ದ ಪೇಟೆಯೂ ಒಂದೇ. ಗೀಸ್ ಬೆಂಡಿನ ಹೆಂಗಸರಿಗೂ ರೋಣದ ಹೆಂಗಸರಿಗೂ ಪರಸ್ಪರ ಪರಿಚಯವಿರಲಿಲ್ಲ. ಎರಡು ಕಡೆಯೂ ಕೈಗೆ ಉಳಿದದ್ದು ನೆಲದ ಗುಡಿಕೆ, ಗಿಡದ ಹಕ್ಕಲು, ಹರಕು ಅರಿವೆ.

ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬೇಗ ಹೇಳಿಬಿಡಬಹುದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಗದಗಿಗೆ ಬಂದು, ಹೊಳೆಆಲೂರಿನ ಮೇಲೆ ಹೋಟಗಿಯ ದಾರಿಯೂ ತೆರೆದ ಮೇಲೆ ಕುಮಟೆಯ ಚಕ್ಕಡಿ ದಾರಿ ಸೊರಗಿತು. ಗದಗ, ಹುಬ್ಬಳ್ಳಿಗಳಲ್ಲಿ ಜಿನ್ನುಗಳೂ ಒತ್ತುವ ಕಾರಖಾನೆಗಳೂ ಎದ್ದವು. ಕಾಲುರುಳೆ ಅಟ್ಟ ಸೇರಿತು. ಧಾರವಾಡದ ಸಂಶೋಧನಾ ಕ್ಷೇತ್ರದಿಂದ ಜಯಧರ ಎಂಬ ಸುಧಾರಿತ ಜವಾರಿ ತಳಿ ಬಂದಿತು. 1972ರಲ್ಲಿ ಅದೇ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ಎರಡು ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ತಳಿಯನ್ನು ಸಿದ್ಧಪಡಿಸಿದರು. ಮಲಪ್ರಭೆಯ ನೀರು ಬಂದ ನರಗುಂದ, ನವಲಗುಂದಗಳಲ್ಲಿ ರೈತರು ಸಾಲ ಮಾಡಿ ಅದನ್ನು ಬೆಳೆದರು. ಧಾರಣೆ ಬಿದ್ದಿತು, ಮೇಲೆ ಅಭಿವೃದ್ಧಿ ಕರದ ಭಾರ. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಆಕ್ರೋಶ ಸಿಡಿದು ಗೋಲಿಬಾರಿನವರೆಗೆ ಹೋದದ್ದನ್ನು ಈ ಭಾಗದವರು ಮರೆತಿಲ್ಲ. 2002ರಲ್ಲಿ ಬಿ.ಟಿ. ಹತ್ತಿಗೆ ಸರಕಾರದ ಒಪ್ಪಿಗೆ ದೊರೆತ ಮೇಲೆ ಜವಾರಿ ಹತ್ತಿ ಅಲ್ಲೊಂದು ಇಲ್ಲೊಂದು ಹೊಲಕ್ಕೆ ಸರಿಯಿತು.

ಈ ಮಾರ್ಪಾಡು ಗಾದಿಗೂ ತಟ್ಟಿತೆಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನೂಲಿಗೆ ಉದ್ದ ಎಳೆ ಒಳ್ಳೆಯದು. ಗಾದಿಗೆ ಗಿಡ್ಡ, ಒರಟು ಎಳೆಯೇ ಒಳ್ಳೆಯದು. ಜವಾರಿ ಅರಳೆ ಒತ್ತಿದರೆ ಮತ್ತೆ ಉಬ್ಬುತ್ತದೆ. ನಯವಾದ ಉದ್ದ ಎಳೆ ಒತ್ತಿದಲ್ಲಿಯೇ ಚಪ್ಪಟೆಯಾಗಿ ಗಂಟುಗಟ್ಟುತ್ತದೆ. ಗಿರಣಿಯವರು ಒಂದು ಶತಮಾನ ಕಾಲ ದೋಷವೆಂದು ಬೆಲೆ ಇಳಿಸಿದ ಗುಣವೇ ಮಲಗುವವರ ಬೆನ್ನಿಗೆ ಹಿತವಾಗಿದ್ದಿತು.

ಉಳಿಕೆಗೂ ದೊಡ್ಡ ಪೇಟೆಯೊಂದು ಹುಟ್ಟಿಕೊಂಡಿತು. ಜಿನ್ನಿನಲ್ಲಿ ಎಳೆ ತೆಗೆದ ಮೇಲೂ ಕಾಳಿನ ಮೈಮೇಲೆ ನಿಲ್ಲುವ ತುಪ್ಪಳದಂಥ ಕಿರುನಾರನ್ನು ಯಂತ್ರಗಳಿಂದ ಹೆರೆದು ತೆಗೆಯುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಅದರಿಂದ ಸಿಡಿಮದ್ದು ಮಾಡಿದರು. ಇಂದು ಕಾಗದಕ್ಕೂ ರಾಸಾಯನಿಕಗಳಿಗೂ ಹೋಗುತ್ತದೆ. ನಮ್ಮ ಜೇಬಿನ ನೋಟುಗಳ ಕಾಗದವೂ ಹತ್ತಿಯ ನಾರಿನದೇ. ಅಜ್ಜಿಯ ಮಾಡದ ಗಂಟಿನಲ್ಲಿ ಇರುತ್ತಿದ್ದ ಸರಕಿಗೆ ಈಗ ಟನ್ನಿನ ಲೆಕ್ಕ ಬಂದಿದೆ. ಹಾಗಾದರೂ ಹಕ್ಕಲು ಆಯುವವಳಿಗೆ ಅದರಲ್ಲಿ ಪಾಲಿಲ್ಲ.

ಪಿಂಜಾರರ ಬಿಲ್ಲಿನ ನಾದ ನಮ್ಮ ಓಣಿಗಳಲ್ಲಿ ನಿಂತು ಬಹಳ ವರ್ಷಗಳಾದವು. ಮೊದಲು ಹಿಂಜುವ ಯಂತ್ರ ಬಂದಿತು, ಅನಂತರ ಆ ಯಂತ್ರವನ್ನು ಗಾಡಿಯ ಮೇಲೇರಿಸಿಕೊಂಡು ಊರೂರು ತಿರುಗುವವರು ಬಂದರು, ಜೊತೆಗೆ ಫೋಮಿನ ಹಾಸಿಗೆ ಬಂದಿತು. ಕರ್ನಾಟಕ ಸರಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪಿಂಜಾರ, ನದಾಫರು ಪ್ರವರ್ಗ ಒಂದರಲ್ಲಿದ್ದಾರೆ. ಅಷ್ಟರಿಂದಲೇ ಅವರ ಸ್ಥಿತಿ ತಿಳಿಯುತ್ತದೆ. ಕಸುಬು ಬಿಟ್ಟವರು ಗಾರೆ ಕೆಲಸಕ್ಕೆ, ಹಣ್ಣಿನ ಗಾಡಿಗೆ, ಮೋಟಾರು ರಿಪೇರಿಗೆ ಹೋದರು. ಓದಿ ಮಾಸ್ತರರಾದವರೂ ಉಂಟು. ಕಸುಬು ಉಳಿಯಬೇಕಾಗಿತ್ತೆಂದು ಮರುಗುವ ಪೇಟೆಯ ಮಿತ್ರರಿಗೆ ನಾನು ಹೇಳುವುದು ಇಷ್ಟೇ: ಆ ಧೂಳನ್ನು ನಿಮ್ಮ ಮಕ್ಕಳು ಕುಡಿಯಲೆಂದು ನೀವು ಬಯಸುವಿರಾ? ಬಿಲ್ಲು ಹೋದದ್ದಕ್ಕೆ ನನಗೆ ದುಃಖವಿಲ್ಲ. ಅವರ ಕೈಯಲ್ಲಿದ್ದ ತಿಳಿವಳಿಕೆಗೆ, ಅರಳೆಯನ್ನು ಬೆರಳಲ್ಲಿ ಹಿಡಿದೊಡನೆ ಇದು ಎಷ್ಟನೆಯ ಸಲ ಹಿಂಜಿದ್ದು, ಇದಕ್ಕೆ ಎಷ್ಟು ಹೊಸದು ಬೆರೆಸಬೇಕು ಎಂದು ಹೇಳುತ್ತಿದ್ದ ತಿಳಿವಳಿಕೆಗೆ, ಯಾರೂ ಬೆಲೆ ಕಟ್ಟದೆ ಬಿಟ್ಟದ್ದಕ್ಕೆ ದುಃಖವಿದೆ.

ಈಗಲೂ ಹಳೆಯ ಗಾದಿಯನ್ನು ಹಿಂಜಿಸಿ ತುಂಬಿಸುವವರು ನಮ್ಮ ಕಡೆ ಇದ್ದಾರೆ. ಗಾಡಿಯವನು ಮನೆಯ ಮುಂದೆ ಯಂತ್ರ ಹೂಡಿ ಒಂದು ತಾಸಿನಲ್ಲಿ ಕೆಲಸ ಮುಗಿಸುತ್ತಾನೆ. ಅರಳೆ ಸಾಲದೆ ಹೋದರೆ ತನ್ನ ಚೀಲದಿಂದ ಪಾಲಿಯೆಸ್ಟರಿನ ನಾರನ್ನು ಸೇರಿಸುತ್ತಾನೆ. ಕಣ್ಣಿಗೆ ಎರಡೂ ಬಿಳಿಯೇ, ಕೈಗೂ ಎರಡೂ ಮೆತ್ತಗೆ. ಮೂಲೆಯಲ್ಲಿ ಉಳಿದದ್ದನ್ನು ಮಾತ್ರ ಯಾರೂ ಎತ್ತಿಡುವುದಿಲ್ಲ. ಹಿಂದಿನ ಅಭ್ಯಾಸದಿಂದ ಅದನ್ನು ಹೊಸೆದು ದೀಪಕ್ಕೆ ಹಾಕಿದರೆ ಬತ್ತಿ ಉರಿ ತಾಗಿದೊಡನೆ ಮುದುರಿ, ಕರಗಿ, ಪಣತಿಯ ತಳಕ್ಕೆ ಕಪ್ಪಗೆ ಅಂಟಿಕೊಳ್ಳುತ್ತದೆ. ಆದುದರಿಂದ ಹತ್ತಿಯ ಹೊಲದ ನಡುವೆ ಇರುವ ಮನೆಗಳಲ್ಲಿಯೂ ಹೂಬತ್ತಿಯ ಪೊಟ್ಟಣವನ್ನು ಕಿರಾಣಿ ಅಂಗಡಿಯಿಂದ ತರುತ್ತಾರೆ.